ಮಹಾನಂದಾಳ ಹೆಬ್ಬೆರಳು

ಐದು ಬ್ರೌಸರ್‌ಗಳಲ್ಲಿ 'ಸರಳ' ಎಂಬುದಕ್ಕೆ ಮಹಾನಂದಾ ನೂರಕ್ಕೆ ತೊಂಬತ್ತೇಳು ಅಂಕ ಕೊಟ್ಟಿದ್ದಳು. ಕೊಟ್ಟ ಮೇಲೂ ಸಮಾಧಾನವಾಗದೆ ಮೂರು ಸಲ ತಿರುವಿ ನೋಡಿದ್ದಳು. ಅದು ಅವಳ ಸ್ವಭಾವ. ಮನೆಗೆ ಬೀಗ ಹಾಕಿ ಬೀದಿಯ ತಿರುವಿನವರೆಗೆ ಹೋಗಿ, ಮತ್ತೆ ಹಿಂದಿರುಗಿ ಬೀಗ ಎಳೆದು ನೋಡುವ ಹೆಂಗಸು. ಹಗಲೆಲ್ಲ ಬಟ್ಟೆ ಅಂಗಡಿಯಲ್ಲಿ ನಿಂತು, ಸಂಜೆ ಕಾಲೇಜಿನಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮುಗಿಸಿದವಳು. ಹಗಲು ಕಾಲೇಜಿನಲ್ಲಿ ಕಲಿತವರಿಗೆಲ್ಲ ಗೊತ್ತಿರುವ ಏನೋ ಒಂದು ತನಗೆ ಮಾತ್ರ ಗೊತ್ತಿಲ್ಲ ಎಂಬ ಅಳುಕು ಕೆಲಸಕ್ಕೆ ಸೇರಿ ಆರು ವರ್ಷವಾದರೂ ಹೋಗಿರಲಿಲ್ಲ.

ಅವಳಿದ್ದದ್ದು ಹುಬ್ಬಳ್ಳಿಯ ಬಳಕೆದಾರರ ಪರೀಕ್ಷಾ ಕೇಂದ್ರದಲ್ಲಿ. ಫೋನಿನಲ್ಲಿ ಜಾಲತಾಣ ತೆರೆಯುವ ಬ್ರೌಸರ್‌ಗಳನ್ನು ಸಾಲಾಗಿ ಇಟ್ಟು, ಯಾವುದು ಬೇಗ ತೆರೆಯುತ್ತದೆ, ಯಾವುದು ಬ್ಯಾಟರಿ ತಿನ್ನುತ್ತದೆ, ಯಾವುದು ಡೇಟಾ ನುಂಗುತ್ತದೆ ಎಂದು ಹೋಲಿಸುವುದು ಅಲ್ಲಿನ ಕೆಲಸ. ಈ ಸಲದ ಹೋಲಿಕೆಗೆ ಎಂದಿಗಿಂತ ತೂಕ ಹೆಚ್ಚು. ಮೊದಲ ಸ್ಥಾನ ಬಂದ ಬ್ರೌಸರ್ ರಾಜ್ಯದ ಎಲ್ಲ ಆರೋಗ್ಯ ಕಾರ್ಯಕರ್ತೆಯರ ಫೋನಿಗೂ ಆಸ್ಪತ್ರೆಗಳ ಫೋನಿಗೂ ಹೋಗುವುದಿತ್ತು. ಬುಧವಾರದ ಸಭೆಯಲ್ಲಿ ವರದಿಗೆ ಸಹಿ ಬೀಳಬೇಕಿತ್ತು.

ಪಾಸ್‌ವರ್ಡ್‌ಗಳ ಕಾಲ ಮುಗಿದು ಹೋಗಿತ್ತು. ಹೊಸ ಬ್ರೌಸರ್‌ಗಳು ಓದುವವರನ್ನು ಹೆಬ್ಬೆರಳಿನಿಂದಲೇ ಗುರುತಿಸುತ್ತಿದ್ದವು. ಬೆರಳಚ್ಚಿನಿಂದಲ್ಲ, ಬೆರಳಿನ ನಡೆಯಿಂದ. ಪುಟವನ್ನು ಎಷ್ಟು ಒತ್ತಿ ಸರಿಸುತ್ತೀರಿ, ಯಾವ ಮಾತಿಗೆ ತಡೆದು ನಿಲ್ಲುತ್ತೀರಿ, ಎಲ್ಲಿ ಬೆಚ್ಚಿ ಹಿಂದಕ್ಕೆ ಹೋಗುತ್ತೀರಿ, ಇವು ಒಬ್ಬೊಬ್ಬರಿಗೆ ಒಂದೊಂದು ರೀತಿ. ಹತ್ತು ಸಲ ಸರಿಸುವಷ್ಟರಲ್ಲಿ ಫೋನು ಯಾರ ಕೈಯಲ್ಲಿದೆ ಎಂದು ಬ್ರೌಸರ್‌ಗೆ ತಿಳಿಯುತ್ತಿತ್ತು. ಅವರಿಗೆ ಯಾವುದರ ಭಯ ಎನ್ನುವುದೂ.

ಕೇಂದ್ರದಲ್ಲಿ ಪುಟ ಸರಿಸುತ್ತಿದ್ದುದು ಮನುಷ್ಯರಲ್ಲ, ಯಂತ್ರಕ್ಕೆ ಜೋಡಿಸಿದ ರಬ್ಬರಿನ ಹೆಬ್ಬೆರಳು. ಅದರ ನಡೆ ಗಡಿಯಾರದ ಹಾಗೆ ಸಮ. ಎರಡು ವರ್ಷದ ಹಿಂದೆ ಒಂದು ಬ್ರೌಸರ್ ಈ ಸಮನಡೆಯನ್ನು ಗುರುತು ಹಿಡಿದು, ಯಂತ್ರ ಮುಟ್ಟಿದಾಗ ಮಾತ್ರ ಚುರುಕಾಗಿ ಓಡಿ ಎಲ್ಲರ ಕಣ್ಣಿಗೆ ಮಣ್ಣೆರಚಿತ್ತು. ಆಗ ಮಹಾನಂದಾಳೇ ಅಳುಕುತ್ತ ಒಂದು ಮಾತು ಹೇಳಿದ್ದಳು. ರಬ್ಬರ್ ಬೆರಳಿಗೆ ಮನುಷ್ಯರ ನಡೆ ಕಲಿಸಿದರೆ ಹೇಗೆ?

ನಿರ್ದೇಶಕ ಹೊಂಬಳ ಸರ್ ಕುರ್ಚಿಯಿಂದ ಎದ್ದೇಬಿಟ್ಟಿದ್ದರು. ಸಂಜೆ ಕಾಲೇಜಿನಲ್ಲಿ ಅವಳಿಗೆ ಪಾಠ ಹೇಳಿದವರು ಅವರು, ಅವಳನ್ನು ಕೈಹಿಡಿದು ಈ ಕೆಲಸಕ್ಕೆ ತಂದವರೂ ಅವರೇ. "ಶಭಾಶ್! ಹಗಲು ಕಾಲೇಜಿನವರಿಗೆ ಹೊಳೀಲಿಲ್ಲ ನೋಡು ಇದು. ಯಾರ ಬೆರಳು ತಗೊಳ್ಳೋಣು?"

"ನನ್ನದs ತಗೋರಿ ಸರ್."

ಮೂರು ವಾರ ಅವಳು ಹೆಬ್ಬೆರಳಿಗೆ ತಂತಿಗಳ ಟೋಪಿ ತೊಟ್ಟು ನಲವತ್ತು ಸಾವಿರ ಸಲ ಪುಟ ಸರಿಸಿದ್ದಳು. ರಬ್ಬರ್ ಬೆರಳು ಅವಳಂತೆಯೇ ತಡೆಯುವುದನ್ನು, ಅವಳಂತೆಯೇ ಅನುಮಾನದಿಂದ ಹಿಂದೆ ಬಂದು ನೋಡುವುದನ್ನು ಕಲಿಯಿತು. ಸಾಲದ್ದಕ್ಕೆ, ಈ ಸಲದ ಹೋಲಿಕೆ ನಡೆದ ಆರು ತಿಂಗಳೂ, ಯಂತ್ರದ ಮಾತನ್ನು ಪೂರ್ತಿ ನಂಬಲಾರದೆ, ದಿನವೂ ಪರೀಕ್ಷೆಯ ಫೋನನ್ನು ಮನೆಗೆ ಒಯ್ದು, ಅದೇ ಪುಟಗಳನ್ನು ತನ್ನ ಕೈಯಾರೆ ಮತ್ತೊಮ್ಮೆ ತೆರೆದು ನೋಡುತ್ತಿದ್ದಳು. ಒಂದಕ್ಷರವೂ ವ್ಯತ್ಯಾಸ ಬರಲಿಲ್ಲ. ಇದಕ್ಕಿಂತ ಹೆಚ್ಚಿನ ಖಾತರಿ ಏನಿದ್ದೀತು? ನೆಂಟರಿಗೆ, ಓಣಿಯವರಿಗೆ, ಬಸ್ಸಿನಲ್ಲಿ ಪಕ್ಕ ಕುಳಿತವರಿಗೂ ಅವಳು ಧೈರ್ಯವಾಗಿ ಹೇಳತೊಡಗಿದಳು: ಸರಳ ಹಾಕಿಕೊಳ್ಳಿ. ತನ್ನ ಬದುಕಿನಲ್ಲಿ ಅವಳು ಅಷ್ಟು ಧೈರ್ಯವಾಗಿ ಹೇಳಿದ ಮಾತು ಅದೊಂದೇ. ಅಕ್ಕ ಶಿವಲೀಲಾಳ ಫೋನಿಗೆ ತಾನೇ ಕೂತು ಹಾಕಿಕೊಟ್ಟಿದ್ದಳು.

ಸಭೆಗೆ ಮೂರು ದಿನ ಮುಂಚೆ, ಭಾನುವಾರ, ಅವಳು ಹಳೇ ಹುಬ್ಬಳ್ಳಿಯ ಅಕ್ಕನ ಮನೆಗೆ ಹೋದಳು. ಶಿವಲೀಲಾ ಖಡಕ್ ರೊಟ್ಟಿ ಮಾಡಿ ಖಾನಾವಳಿಗಳಿಗೆ ಕೊಡುತ್ತಿದ್ದಳು. ಎರಡು ಒಲೆ, ಎರಡು ಹಂಚು. ಬಲಗೈಯಿಂದ ರೊಟ್ಟಿ ಬಡಿಯುತ್ತಿದ್ದಳು. ಎಡಗೈಗೆ ಅರಿವೆ ಸುತ್ತಿತ್ತು.

"ಏನಾತಕ್ಕಾ ಕೈಗೆ?"

"ಏನಿಲ್ಲವಾ, ಹಂಚಿಗೆ ಹತ್ತಿತು. ಎಡಕಿನ ಹಂಚು ಅಲ್ಲೈತಿ ಅಂತ ಕಾಣಲಿಲ್ಲ."

"ಹತ್ತು ವರ್ಷದಿಂದ ಅಲ್ಲೇ ಇರೂ ಹಂಚು ಕಾಣಲಿಲ್ಲೇನು?"

"ಮೊನ್ನೆ ಬಾಗಿಲಾನೂ ಹಂಗs ಬಡೀತು. ವಯಸ್ಸಾತು ತಂಗಿ, ನಿನ್ನಂಗ ಹರೇದಾಕೀನೇನು ನಾನು? ಕೂಡು, ಎಣಗಾಯಿ ಮಾಡೀನಿ."

ಮಹಾನಂದಾ ಕೂಡಲಿಲ್ಲ. ಗೂಡಿನಲ್ಲಿದ್ದ ಕಣ್ಣಿನ ಹನಿಯ ಬಾಟಲಿ ತೆಗೆದು ನೋಡಿದಳು. ಸೀಲು ಒಡೆದಿರಲಿಲ್ಲ. ಅಕ್ಕನಿಗೆ ಕಣ್ಣಿನೊಳಗಿನ ಒತ್ತಡ ಏರುವ ಕಾಯಿಲೆ ಇದೆ ಎಂದು ವರ್ಷದ ಹಿಂದೆ ಗೊತ್ತಾಗಿತ್ತು. ದಿನವೂ ಹನಿ ಹಾಕಿಕೊಳ್ಳಬೇಕೆಂದು ಡಾಕ್ಟರು ಹೇಳಿದ್ದರು.

"ಅಕ್ಕಾ, ಇದನ್ನ ಹಾಕ್ಕೊಳ್ಳಾಕತ್ತಿಲ್ಲೇನು?"

"ನಾಕು ತಿಂಗಳಾತು ಬಿಟ್ಟು. ಏನ್ ಉರೀತಿತ್ತವಾ ಅದು! ಒಲಿ ಮುಂದ ಕೂಡಾಕs ಆಗತಿದ್ದಿಲ್ಲ."

"ಯಾರನ್ನ ಕೇಳಿ ಬಿಟ್ಟಿ?"

"ಯಾರನ್ನ ಕೇಳಲಿ? ನೀನs ಹಾಕಿಕೊಟ್ಟೀಯಲ್ಲ, ಅದರಾಗ ಓದೀನಿ. ಒಂದ್ಸಲ ಅಲ್ಲ, ಹತ್ತು ಸಲ ಓದೀನಿ. ಈ ರೋಗ ಭಾಳ ನಿಧಾನ ಬೆಳೀತೈತಿ, ಭಾಳ ಮಂದಿಗೆ ನೋವs ಇರೂದಿಲ್ಲ ಅಂತ ಬರದಾರ. ನನಗೂ ನೋವಿಲ್ಲ. ಮತ್ಯಾಕ ಉರಿ ಅನುಭೋಗಸೂದು ಅಂತ ಬಿಟ್ಟೆ."

ಮಹಾನಂದಾ ಫೋನು ಕಸಿದುಕೊಂಡು ಅದೇ ಪುಟ ತೆರೆದು, ಮೇಲೆ ಕೆಳಗೆ ಹಲವು ಸಲ ಸರಿಸಿದಳು. ಒಂದು ಕಣ್ಣಾಸ್ಪತ್ರೆಯವರು ಕನ್ನಡದಲ್ಲಿ ಬರೆದ ಪುಟ. ನಿಧಾನ ಬೆಳೆಯುತ್ತದೆ, ನೋವಿರುವುದಿಲ್ಲ ಎಂಬ ಮಾತುಗಳ ಕೆಳಗೇ ಕೆಂಪು ಅಕ್ಷರದಲ್ಲಿ ಎದ್ದು ಕಾಣುವಂತೆ ಒಂದು ಸಾಲಿತ್ತು: 'ನೋವಿಲ್ಲವೆಂದು ಹನಿ ನಿಲ್ಲಿಸಬೇಡಿ. ಒಮ್ಮೆ ಹೋದ ದೃಷ್ಟಿ ಮರಳಿ ಬರುವುದಿಲ್ಲ.'

"ಇದೇನಕ್ಕಾ? ಇದನ್ನ ಓದಲಿಲ್ಲೇನು ನೀ?" ಅವಳ ದನಿ ಏರಿತ್ತು.

ಶಿವಲೀಲಾ ಹಿಟ್ಟಿನ ಕೈ ಒರೆಸಿಕೊಂಡು ಫೋನು ಹಿಡಿದು, ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಹತ್ತಾರು ಸಲ ಸರಿಸಿದಳು. "ಎಲ್ಲೈತಿ?"

ಮಹಾನಂದಾ ಇಣುಕಿದಳು. ಕೆಂಪು ಸಾಲು ಇರಲಿಲ್ಲ. ಅದಿದ್ದ ಜಾಗದಲ್ಲಿ ಮೇಲಿನ ಸಾಲೂ ಕೆಳಗಿನ ಸಾಲೂ ಕೂಡಿಕೊಂಡಿದ್ದವು, ನಡುವೆ ಏನೂ ಇರಲೇ ಇಲ್ಲವೆಂಬಂತೆ.

ಮೊದಲು ತನ್ನ ಕಣ್ಣನ್ನೇ ಅನುಮಾನಿಸಿದಳು. ಫೋನು ತೆಗೆದುಕೊಂಡು ತಾನು ಸರಿಸಿದಳು. ಹತ್ತನೆಯ ಸಲಕ್ಕೋ ಹನ್ನೊಂದನೆಯ ಸಲಕ್ಕೋ ಸಾಲು ಮೆಲ್ಲಗೆ ಬಂದು ಕೂತಿತು. ಅಕ್ಕನ ಕೈಗೆ ಕೊಟ್ಟಳು. ಹೋಯಿತು. ಐದು ಸಲ ಹೀಗೆ ಮಾಡಿದರು. ಹಂಚಿನ ಮೇಲೆ ರೊಟ್ಟಿ ಕರಿದಾಗಿ ಹೊಗೆ ಎದ್ದಿತು.

"ಅಯ್ಯ, ಇದೇನ್ ಗಾರುಡಿ ಆಟ!" ಎಂದು ಶಿವಲೀಲಾ ನಕ್ಕಳು. ಮಹಾನಂದಾಳಿಗೆ ನಗು ಬರಲಿಲ್ಲ.

ಸೋಮವಾರ ಕಣ್ಣಾಸ್ಪತ್ರೆಯಲ್ಲಿ ಡಾಕ್ಟರು ಎರಡೂ ಕಣ್ಣು ನೋಡಿ ಕಾಗದದ ಮೇಲೆ ಎರಡು ವೃತ್ತ ಬರೆದರು. ಎಡಗಣ್ಣಿನ ವೃತ್ತದಲ್ಲಿ ಅರ್ಧಕ್ಕಿಂತ ಹೆಚ್ಚು ಕಪ್ಪು ತುಂಬಿದರು. "ಹೋದದ್ದು ಬರೂದಿಲ್ಲ. ಉಳಿದದ್ದು ಉಳಿಸಿಕೊಳ್ರಿ," ಎಂದರು. ಬಲಗಣ್ಣು ಸದ್ಯಕ್ಕೆ ಚೆನ್ನಾಗಿತ್ತು. ಆಟೋದಿಂದ ಇಳಿಯುವಾಗ ಶಿವಲೀಲಾ, "ಇನ್ನ ಬಲಕಿನ ಒಲಿ ಒಂದs ಹಚ್ಚಬೇಕು," ಎಂದಳು.

ಮಂಗಳವಾರ ಬೆಳಿಗ್ಗೆ ಕೇಂದ್ರದಲ್ಲಿ ಯಾರೂ ಬರುವ ಮೊದಲೇ ಮಹಾನಂದಾ ಐದು ಫೋನು ಸಾಲಾಗಿ ಇಟ್ಟಳು. ಐದರಲ್ಲೂ ಅದೇ ಪುಟ. ಕಸ ಗುಡಿಸುತ್ತಿದ್ದ ಹುಸೇನಬಿಯನ್ನು ಕರೆದಳು.

"ಬೀಬಿ, ಇದನ್ನ ಸ್ವಲ್ಪ ಹಿಂಗ ಮ್ಯಾಲ ಕೆಳಗ ಸರಸ್ರಿ."

"ನಾ ಮುಟ್ಟಿದ್ರ ಸಾಹೇಬ್ರು ಬೈತಾರವ್ವಾ."

"ನಾ ಅದೀನಿ, ಸರಸ್ರಿ."

ಹುಸೇನಬಿ ಒಂದೊಂದೇ ಫೋನು ಸರಿಸಿದಳು. ನಾಲ್ಕು ಬ್ರೌಸರ್‌ಗಳಲ್ಲಿ ಕೆಂಪು ಸಾಲು ಇತ್ತು. ಸರಳದಲ್ಲಿ ಮೊದಲು ಕಂಡು, ಆಮೇಲೆ ಕರಗಿತು. ಮಹಾನಂದಾ ಮುಟ್ಟಿದಳು, ಮರಳಿ ಬಂತು. ರಬ್ಬರ್ ಬೆರಳು ಮುಟ್ಟಿತು, ಇತ್ತು. ಬೇರೆ ಪುಟ ತೆರೆದು ನೋಡಿದರು. ಸಕ್ಕರೆ ಕಾಯಿಲೆಯ ಪುಟದಲ್ಲಿ ಕಾಲು ಕತ್ತರಿಸಬೇಕಾದೀತು ಎಂಬ ಮಾತು, ಬಸುರಿಯರ ಪುಟದಲ್ಲಿ ರಕ್ತಸ್ರಾವದ ಮಾತು, ಮಹಾನಂದಾಳಿಗೆ ಇದ್ದದ್ದು ಹುಸೇನಬಿಗೆ ಇರಲಿಲ್ಲ.

ಲೆಕ್ಕ ತಿಳಿಯಲು ಹಗಲು ಕಾಲೇಜು ಬೇಕಿರಲಿಲ್ಲ. ಹೆದರಿದ ಓದುಗ ಪುಟ ಮುಚ್ಚಿ ಫೋನು ಕೆಳಗಿಡುತ್ತಾನೆ. ಹೆದರದವನು ಓದುತ್ತಲೇ ಇರುತ್ತಾನೆ. ಓದಿದಷ್ಟೂ ಸರಳದ ಕಂಪನಿಗೆ ಲಾಭ. ಬೆರಳು ಎಲ್ಲಿ ಬೆಚ್ಚುತ್ತದೆಂದು ಬಲ್ಲ ಸರಳ, ಬೆಚ್ಚಿಸುವ ಸಾಲುಗಳನ್ನೇ ಎತ್ತಿಡುತ್ತಿತ್ತು. ಏನನ್ನೂ ಸೇರಿಸುತ್ತಿರಲಿಲ್ಲ, ತೆಗೆಯುತ್ತಿತ್ತು ಅಷ್ಟೆ. ಆದರೆ ಪರೀಕ್ಷೆ ಮಾಡುವ ಬೆರಳು ಯಾವುದೆಂದು ಅದಕ್ಕೆ ಗೊತ್ತಿತ್ತು. ಆ ಬೆರಳಿಗೆ ಮಾತ್ರ ಪುಟವನ್ನು ಇದ್ದ ಹಾಗೆ ತೋರಿಸುತ್ತಿತ್ತು. ಮನೆಗೆ ಒಯ್ದು ಎರಡೆರಡು ಸಲ ನೋಡಿದ್ದೂ ಅದೇ ಬೆರಳೇ. ಅವಳ ಎಚ್ಚರಿಕೆಯೇ ಸರಳಕ್ಕೆ ಅನುಕೂಲವಾಗಿತ್ತು.

ಆದರೆ ಅವಳ ಬೆರಳಿನ ನಡೆ ಕಂಪನಿಗೆ ಸಿಕ್ಕಿದ್ದು ಹೇಗೆ? ಆ ಫೈಲು ತೆರೆಯಬಲ್ಲವರು ಇಬ್ಬರೇ, ಅವಳು ಮತ್ತು ಹೊಂಬಳ ಸರ್. ಸರ್ ಅಂತೂ ಅಲ್ಲ. ಹಾಗಾದರೆ ತಾನೇ ಎಲ್ಲೋ ತೆರೆದಿಟ್ಟು ಮರೆತಿರಬೇಕು. ಕಂಪ್ಯೂಟರ್ ಮುಚ್ಚದೆ ಊಟಕ್ಕೆ ಎದ್ದು ಹೋಗಿರಬೇಕು. ತಪ್ಪೊಪ್ಪಿಕೊಳ್ಳಲೆಂದೇ ಅವಳು ಸರ್ ಕೋಣೆಗೆ ಹೋದಳು.

"ಸರ್, ನನ್ನ ಕಡಿಂದ ದೊಡ್ಡ ತಪ್ಪಾಗೇತ್ರಿ. ಬೆರಳಿನ ಫೈಲು ಎಲ್ಲೋ ಸೋರೇತಿ. ಸರಳ ನನ್ನ ಗುರುತು ಹಿಡಿದು ಮೋಸ ಮಾಡಾಕತ್ತೇತಿ. ಉಳಿದವರಿಗೆಲ್ಲ ಸಾಲು ತಗದು ತೋರಸತೈತ್ರಿ. ನಮ್ಮಕ್ಕನ ಕಣ್ಣು..." ಫೋನನ್ನು ಅವರ ಮುಂದೆ ಚಾಚಿದಳು.

"ಕೂಡು, ಕೂಡು ಮೊದಲ. ಎಷ್ಟಂತ ಚಿಂತಿ ಹಚ್ಚಿಕೋತೀ ನೀ? ಚಹಾ ತರಸ್ತೀನಿ." ಹೊಂಬಳ ಸರ್ ಅವಳ ಕೈಯಿಂದ ಫೋನು ತೆಗೆದುಕೊಂಡರು. ಕನ್ನಡಕ ಏರಿಸಿ, ಪಾಠ ಮಾಡುವಾಗಿನ ಅದೇ ನಿಧಾನದಲ್ಲಿ ಪುಟವನ್ನು ಮೇಲೆ ಕೆಳಗೆ ಸರಿಸಿದರು. ಹತ್ತು ಹದಿನೈದು ಸಲ ಸರಿಸಿದರು. "ಯಾವ ಸಾಲು? ಹನಿ ನಿಲ್ಲಿಸಬ್ಯಾಡ್ರಿ ಅನ್ನೂದಾ? ಇಲ್ಲೇ ಅದ ನೋಡು! ಕೆಂಪಗ ಎದ್ದು ಕಾಣಸ್ತದ. ಸುಮ್ಮನ ಗಾಬರಿ ಆಗೀದಿ."

ಮಹಾನಂದಾ ಮೇಜಿನ ಈಚೆಯಿಂದ ಬಗ್ಗಿ ನೋಡಿದಳು. ಸಾಲು ಇತ್ತು. ಅವರ ಬೆರಳಿನ ಕೆಳಗೆ ಅಲ್ಲಾಡದೆ ನಿಂತಿತ್ತು.

"ಸರ್," ಎಂದಳು. "ಹುಸೇನಬೀಗೆ ಕಾಣೂದಿಲ್ಲ. ನಮ್ಮಕ್ಕಗ ಕಾಣೂದಿಲ್ಲ. ನನಗ ಕಾಣತೈತಿ, ಯಾಕಂದ್ರ ನಂದು ಪರೀಕ್ಷಾದ ಬೆರಳು. ನಿಮಗ ಯಾಕ ಕಾಣತೈತ್ರಿ?"

ಹೊಂಬಳ ಸರ್ ಫೋನನ್ನು ಮೇಜಿನ ಮೇಲಿಟ್ಟರು. ಸ್ವಲ್ಪ ಹೊತ್ತು ಅದನ್ನು ಸರಿಯಾಗಿ ಅಂಚಿಗೆ ಸಮನಾಗಿ ಕೂರಿಸುವುದರಲ್ಲೇ ಇದ್ದರು.

"ಸರಳದವರು ಬಂದಿದ್ರು," ಎಂದರು ಕೊನೆಗೆ. "ಹೊಂದಾಣಿಕಿಗೆ ಬೇಕು ಅಂದ್ರು, ಬೆರಳಿನ ನಡಿಗಿ ಕೊಟ್ಟೆ. ಓದೂವರು ಅಂಜಬಾರದು ಅಂತ ಪುಟ ಸ್ವಲ್ಪ ಮೆತ್ತಗ ಮಾಡ್ತೀವಿ ಅಂದ್ರು. ಮಂದಿಗೆ ಹಿತಾನs ಅಲ್ಲ ಅದು, ಅನಿಸ್ತು. ನೀನs ನೋಡು, ಸಣ್ಣದಕ್ಕೂ ಎಷ್ಟು ಅಂಜತಿ."

"ಮತ್ತ ನಿಮ್ಮ ಬೆರಳು?"

"ನಮ್ಮಾಕಿಗೆ ಶುಗರ್ ಅದ. ಮಗಳು ಬಸುರಿ. ಮನ್ಯಾಗ ಖರೇದು ಗೊತ್ತಿರಬೇಕಲ್ಲ? ನಮ್ಮ ಮೂರೂ ಮಂದೀದು ಪಟ್ಟಿಗೆ ಸೇರಸ್ರಿ ಅಂತ ಹೇಳಿದ್ದೆ." ಅವರು ತಲೆ ಎತ್ತಿದರು. ಕಣ್ಣಲ್ಲಿ ನಿಜವಾದ ಮರುಕವಿತ್ತು. "ನಿಮ್ಮಕ್ಕಗ ಹಿಂಗದ ಅಂತ ನೀ ಒಂದು ಮಾತು ಹೇಳಿದ್ದರ, ಆಕೀದೂ ಸೇರಸ್ತಿದ್ದೆನಲ್ಲ ಮಹಾನಂದಾ."

ಆ ಮರುಕವೇ ಅವಳನ್ನು ಹೆಚ್ಚು ಸುಟ್ಟಿತು. ಬೈದಿದ್ದರೆ, ಸುಳ್ಳು ಹೇಳಿದ್ದರೆ ತಡೆದುಕೊಳ್ಳುತ್ತಿದ್ದಳು. ರಾಜ್ಯದ ಮಂದಿಯೆಲ್ಲ ಒಂದು ಕಡೆ, ಪಟ್ಟಿಯಲ್ಲಿ ಸೇರಿದವರು ಒಂದು ಕಡೆ. ಅವಳನ್ನು ಕೇಳದೆಯೇ ಅವಳನ್ನು ಈ ಕಡೆ ನಿಲ್ಲಿಸಿದ್ದರು. ಅವಳ ಬೆರಳಿನಿಂದಲೇ ಗೋಡೆ ಕಟ್ಟಿದ್ದರು.

"ನಾಳೆ ಸಭಾದಾಗ ಹೇಳತೀನ್ರಿ ನಾನು," ಎಂದಳು.

"ನೀ ಹೇಳಬ್ಯಾಡ. ನಾನs ಹೇಳ್ತೀನಿ. ತಪ್ಪು ನಂದು, ನನ್ನ ಬಾಯಿಲೇ ಬರಲಿ. ಮೂವತ್ತು ವರ್ಷ ಪಾಠ ಹೇಳೇನಿ, ಇಷ್ಟು ಮರ್ಯಾದಿ ಉಳಿಸು. ಒಂದs ದಿನ."

ಹುಸೇನಬಿಯ ಕೈಯಲ್ಲಿ ಸಾಲು ಕರಗುವುದನ್ನು ಆಗಲೇ ವಿಡಿಯೊ ಮಾಡಿಟ್ಟುಕೊಳ್ಳಬಹುದಿತ್ತು. ಎರಡು ನಿಮಿಷದ ಕೆಲಸ. ಅವಳ ಕೈ ಫೋನಿನವರೆಗೆ ಹೋಗಿತ್ತು ಕೂಡ. ಆದರೆ ಅಕ್ಷರ ಕಲಿಸಿದವರು ಹೇಳುತ್ತೇನೆ ಎಂದ ಮೇಲೆ ಅವರ ಬೆನ್ನ ಹಿಂದೆ ಸಾಕ್ಷಿ ಕೂಡಿಹಾಕುವುದು ಅವಳಿಗೆ ಕಳ್ಳತನದಂತೆ ಕಂಡಿತು. ನೂರು ಸಲ ತಿರುವಿ ನೋಡುವ ಮಹಾನಂದಾ ಅಂದು ಒಂದು ಸಲವೂ ತಿರುವಿ ನೋಡಲಿಲ್ಲ. ಮನೆಗೆ ಹೋದಳು.

ಬುಧವಾರ ಹನ್ನೊಂದಕ್ಕೆ ಸಭೆ. ಬೆಂಗಳೂರಿನಿಂದ ಬಂದ ಅಧ್ಯಕ್ಷೆ, ನಾಲ್ಕು ಸದಸ್ಯರು, ಹೊಂಬಳ ಸರ್. ವರದಿ ಓದಿದ್ದಾಯಿತು. ಸರಳ ಮೊದಲು. ಸರ್ ಬಾಯಿ ಬಿಡುತ್ತಾರೆಂದು ಅವಳು ಕಾದಳು. ಅವರು ಬಾಟಲಿಯ ನೀರು ಕುಡಿದರು. ಸಹಿಯ ಹಾಳೆ ಅವಳ ಮುಂದೆ ಬಂತು. ಆಗ ಅವಳೇ ಎದ್ದು ನಿಂತು, ತಡವರಿಸುತ್ತ ಎಲ್ಲವನ್ನೂ ಹೇಳಿದಳು.

ಅಧ್ಯಕ್ಷೆ ತಾಳ್ಮೆಯ ಹೆಂಗಸು. "ತೋರಿಸಿ ನೋಡೋಣ," ಎಂದರು.

ಹುಸೇನಬಿ ಬಂದಳು. ಸೆರಗಿಗೆ ಕೈ ಒರೆಸಿಕೊಂಡು ಸರಳದ ಪುಟ ಸರಿಸಿದಳು. ಕೆಂಪು ಸಾಲು ಇತ್ತು. ಮತ್ತೆ ಸರಿಸಿದಳು, ಇಪ್ಪತ್ತು ಸಲ, ಮೂವತ್ತು ಸಲ. ಇತ್ತು. ಸದಸ್ಯರು ಒಬ್ಬೊಬ್ಬರೂ ಸರಿಸಿದರು, ತಮ್ಮ ತಮ್ಮ ಫೋನುಗಳಲ್ಲೂ ತೆಗೆದು ನೋಡಿದರು. ಎಲ್ಲರಿಗೂ ಇತ್ತು. ಸಕ್ಕರೆ ಕಾಯಿಲೆಯ ಮಾತೂ ಇತ್ತು, ಬಸುರಿಯರ ಮಾತೂ ಇತ್ತು. ಸರ್ ಕೇಳಿ ಪಡೆದ ಆ ಒಂದು ದಿನದಲ್ಲಿ, ರಾತ್ರಿ ಬೆಳಗಾಗುವುದರೊಳಗೆ, ಸರಳ ಪರಮ ಪ್ರಾಮಾಣಿಕವಾಗಿತ್ತು.

"ಎಲ್ಲರಿಗೂ ಒಂದೇ ಥರ ಕಾಣ್ತಿದೆಯಲ್ಲಮ್ಮ?"

"ನಿನ್ನಿ ಇದ್ದಿಲ್ರಿ ಮೇಡಂ," ಎಂದಳು ಹುಸೇನಬಿ. "ಅಲ್ಲಾನ ಆಣಿ ಮಾಡಿ ಹೇಳ್ತೀನಿ, ಇದ್ದಿಲ್ಲ."

"ನಿನ್ನೆ ಕನ್ನಡಕ ಹಾಕ್ಕೊಂಡಿದ್ಯೇನಮ್ಮ?" ಎಂದು ಒಬ್ಬ ಸದಸ್ಯರು ಕೇಳಿದರು. ಇಬ್ಬರು ನಕ್ಕರು. ಹುಸೇನಬಿ ಮುಖ ಗಂಟಿಕ್ಕಿಕೊಂಡು ಹೊರಗೆ ಹೋದಳು.

ಹೊಂಬಳ ಸರ್ ಮೆಲ್ಲಗೆ ಗಂಟಲು ಸರಿಪಡಿಸಿಕೊಂಡರು. "ಭಾಳ ದುಡದಾಳ್ರಿ ಈ ಹುಡುಗಿ. ಆರು ತಿಂಗಳಿಂದ ಸರಿಯಾಗಿ ನಿದ್ದಿ ಇಲ್ಲ. ಅದರಾಗ ಅಕ್ಕನ ಕಣ್ಣಿನ ಚಿಂತಿ ಬ್ಯಾರೆ. ಆಕೀನ್ನ ಯಾರೂ ಏನೂ ಅನಬ್ಯಾಡ್ರಿ."

ಎಷ್ಟು ಮೃದುವಾಗಿ ಹೇಳಿದರೆಂದರೆ, ಒಂದು ಕ್ಷಣ ಮಹಾನಂದಾ ಕೂಡ ಹೌದೇನೋ ಅಂದುಕೊಂಡಳು. ದಣಿದಿದ್ದೇನೆ, ಏನೋ ಕಂಡಂತಾಗಿದೆ. ಆಮೇಲೆ ಅವರ ಮುಖ ನೋಡಿದಳು. ಅವರು ಅವಳನ್ನು ನೋಡುತ್ತಿರಲಿಲ್ಲ. ಪೆನ್ನಿನ ಮುಚ್ಚಳ ತೆಗೆಯುತ್ತಿದ್ದರು. ಅವಳು ಸಹಿ ಮಾಡಲಿಲ್ಲ. ಪರೀಕ್ಷಕಿಯ ಪರವಾಗಿ ಎಂದು ಬರೆದು ಅವರೇ ಮಾಡಿದರು.

ಮಧ್ಯಾಹ್ನ ಎರಡರ ಹೊತ್ತಿಗೆ ಅವಳು ಬಸ್ಸು ಹಿಡಿದು ಹಳೇ ಹುಬ್ಬಳ್ಳಿಗೆ ಹೋದಳು. ಎಲ್ಲಿಗೆ ಹೋಗುತ್ತಿದ್ದೇನೆಂದು ಯೋಚಿಸಿ ಹತ್ತಿದ ಬಸ್ಸಲ್ಲ ಅದು.

ಶಿವಲೀಲಾ ಒಲೆ ಹಚ್ಚಿರಲಿಲ್ಲ. ಕಿಟಕಿಯ ಬೆಳಕಿಗೆ ಬೆನ್ನು ಮಾಡಿ, ಫೋನನ್ನು ಬಲಗಡೆಗೆ ತಿರುಗಿಸಿ ಹಿಡಿದು ಕೂತಿದ್ದಳು. ತಂಗಿಯ ಹೆಜ್ಜೆ ಕೇಳಿದರೂ ತಲೆ ಎತ್ತಲಿಲ್ಲ.

"ಐತಿ ನೋಡs ಮಹಾನಂದಾ," ಎಂದಳು. "ನೀ ಹೇಳಿದ ಸಾಲು. ಇಲ್ಲೇ ಐತಿ, ಎಷ್ಟು ದೊಡ್ಡಕ್ಷರದಾಗ. ಹತ್ತು ಸಲ ಓದೀನಿ ಅಂದೆನಲ್ಲ ನಿನ್ನ ಮುಂದ? ಏನ್ ಓದೀನೋ ನಾನು, ನನ್ನ ಮಣ್ಣು. ಏಳನೇತ್ತ ಕಲತಾಕಿ ನಾನು, ನನಗ್ಯಾಕ ಬೇಕಿತ್ತು ಡಾಕ್ಟರಕಿ? ಭಾನುವಾರ ನೀ ತೋರಿಸಿದ್ರೂ ಕಾಣಲಿಲ್ಲ. ಆಗs ಕಣ್ಣು ಹೋಗಿತ್ತು ಕಾಣಸತೈತಿ."

"ಅಕ್ಕಾ, ಅದು ಇರಲಿಲ್ಲ."

"ಇತ್ತವಾ. ನನ್ನ ಸಮಾಧಾನಕ್ಕ ಹೇಳಬ್ಯಾಡ. ಉರೀತೈತಿ ಅಂತ ಬಿಡೂ ಮನಸ್ಸಿತ್ತು, ಬ್ಯಾಡಾದದ್ದು ಕಣ್ಣಿಗೆ ಬೀಳಲಿಲ್ಲ. ನಂದs ತಪ್ಪು."

ಮಹಾನಂದಾ ನೆಲದ ಮೇಲೆ ಅಕ್ಕನ ಎದುರು ಕೂತಳು. ಜನ್ಮದಲ್ಲಿ ಎಂದೂ ಪೂರ್ತಿ ಖಾತರಿಯಿಂದ ಒಂದು ಮಾತು ಆಡಿದವಳಲ್ಲ, ಆಡಿದ್ದೊಂದೇ ಮಾತು ಅಕ್ಕನ ಕಣ್ಣು ತಿಂದಿತ್ತು. ತೋರಿಸಲು ಈಗ ಕೈಯಲ್ಲಿ ಏನೂ ಇರಲಿಲ್ಲ. ಕಂಡವರು ಮೂವರು. ಅವರಲ್ಲಿ ಒಬ್ಬಳಿಗೆ ತಾನು ಕಂಡದ್ದರ ಮೇಲೆ ನಂಬಿಕೆ ಹೋಗಿತ್ತು, ಇನ್ನೊಬ್ಬಳನ್ನು ನಕ್ಕು ಹೊರಗೆ ಕಳಿಸಿದ್ದರು.

"ಆ ಸಾಲು ಇರಲಿಲ್ಲಕ್ಕಾ. ನೀ ಸರಿಯಾಗಿ ಓದೀದಿ. ಹತ್ತು ಸಲಾನೂ ಸರಿಯಾಗೇ ಓದೀದಿ. ನಿನಗ ತಗದು ತೋರಿಸಿದ್ರು, ನಿನ್ನೆ ರಾತ್ರಿ ತಿರುಗಿ ಇಟ್ಟಾರ. ನಾ ಕಣ್ಣಾರೆ ನೋಡೀನಿ."

ಶಿವಲೀಲಾ ಫೋನು ಮಡಿಲಿಗಿಟ್ಟು, ತಂಗಿಯ ಮುಖ ಪೂರ್ತಿ ಕಾಣುವಂತೆ ಕತ್ತು ತಿರುಗಿಸಿದಳು.

"ಯಾರು?" ಎಂದು ಕೇಳಿದಳು.

ಮಹಾನಂದಾಳಿಗೆ ಕೆಲಸ ಸಿಕ್ಕ ವರ್ಷ ಶಿವಲೀಲಾ ಆ ಮನುಷ್ಯರನ್ನು ಮನೆಗೆ ಕರೆದು, ಇದೇ ನೆಲದ ಮೇಲೆ ಮಣೆ ಹಾಕಿ, ಬಿಸಿ ರೊಟ್ಟಿ ಬಡಿಸಿ, ಹೊರಡುವಾಗ ಕಾಲಿಗೆ ಬಿದ್ದಿದ್ದಳು. ಅವರ ಹೆಸರು ಹೇಳಿದರೆ ಅಕ್ಕ ನಂಬುತ್ತಾಳೋ ಇಲ್ಲವೋ, ಮಹಾನಂದಾಳಿಗೆ ತಿಳಿಯಲಿಲ್ಲ. ಆದರೂ ಹೇಳಿದಳು.

"ನಮ್ಮ ಹೊಂಬಳ ಸರ್, ಅಕ್ಕಾ. ಅವರು, ಅವರ ಜೋಡಿ ನನ್ನ ಬೆರಳು."